ಗಜನಿಯ ಬಾಗಿಲ ಬಳಿ ತೆಗೆದ ಬಾತುಗಳ ಚಿತ್ರ

ಚಳಿಗಾಲದಲ್ಲಿ ಅಂಕೋಲೆಯ ಗಜನಿಗೆ ಕಾಡುಬಾತುಗಳು ಬರುತ್ತಿದ್ದವು. ಗಜನಿ ಎಂದರೆ ಹೊಳೆಯ ಉಪ್ಪುನೀರನ್ನು ಮಣ್ಣಿನ ಕಟ್ಟೆಯಿಂದ ತಡೆದು ಭತ್ತ ಬೆಳೆಯುವ ತಗ್ಗುಭೂಮಿ. ಕಟ್ಟೆಗೊಂದು ಬಾಗಿಲು. ಇಳಿತದಲ್ಲಿ ಅದರ ಹಲಗೆಗಳನ್ನು ಎತ್ತಿ ಒಳಗಿನ ನೀರು ಬಿಡಬೇಕು, ಉಬ್ಬರ ಏರುವ ಮೊದಲು ಇಳಿಸಬೇಕು. ತಡವಾದರೆ ನೀರಿನ ಒತ್ತಡಕ್ಕೆ ಹಲಗೆ ಕೂರುವುದಿಲ್ಲ.

ಮೂವತ್ತರ ದಶಕದ ಆ ದಿನಗಳಲ್ಲಿ ನಾನು ಕಾರವಾರದ ಒಂದು ವಾರಪತ್ರಿಕೆಗೆ ಸುದ್ದಿ ಬರೆಯುತ್ತಿದ್ದೆ. ನನ್ನ ಬಳಿ ಗಾಜಿನ ಪ್ಲೇಟಿನ ಹಳೆಯ ಕ್ಯಾಮೆರಾ ಇತ್ತು. ಬಾತುಗಳ ಚಿತ್ರ ಬೇಕೆಂದಾಗ ಗಜನಿಯ ಒಡೆಯರು ಬಾಗಿಲು ಕಾಯುವವನನ್ನೇ ಜೊತೆಗೆ ಕಳಿಸಿದರು. ಐವತ್ತರ ಆಸುಪಾಸಿನ ಮನುಷ್ಯ. ಬಾಗಿಲಿಗೆ ಕಟ್ಟಿದ ಬಲೆಯಲ್ಲಿ ಸಿಕ್ಕ ಮೀನು, ಶೆಟ್ಲಿ ಎಂಬ ಸಿಗಡಿ ಅವನದು. ಸುಗ್ಗಿಯಲ್ಲಿ ಒಂದು ಪಾಲು ಭತ್ತ. ಮನೆಯ ಏಳು ಜನ ಅದರ ಮೇಲೆಯೇ ಬದುಕಿದ್ದರು.

ಆ ವರ್ಷ ಕೊಯ್ಲು ತಡವಾಗಿತ್ತು. ಕೊಯ್ದ ಪೈರು ಗದ್ದೆಯಲ್ಲೇ ಒಣಗುತ್ತ ಬಿದ್ದಿತ್ತು. ಬೆಳಿಗ್ಗೆ ಅವನು ಹಲಗೆ ಎತ್ತಿ ಬಂದ ಮೇಲೆ, ಬಾಗಿಲಿನಿಂದ ಕೂಗಳತೆ ದೂರದಲ್ಲಿ ಇಬ್ಬರೂ ಹುಲ್ಲಿನ ಮರೆಯಲ್ಲಿ ಕುಳಿತೆವು. ಎದುರಿನ ಹೊಂಡದಲ್ಲಿ ಬಾತುಗಳು.

"ತಿನ್ನೂಕಲ್ಲ, ಮಾರೂಕಲ್ಲ. ಹೆಣ್ಣು ನೋಡೂಕೆ ಬಂದವ್ರ ಹಾಂಗೆ ಕುಂತೀರಲ್ರಾ ಒಡೆಯಾ," ಎಂದ.

"ಅಲ್ಲಾಡಬೇಡ ಮಾರಾಯ."

ಬಾತುಗಳು ದೂರವಿದ್ದವು. ಮೂರು ಪ್ಲೇಟು ಹಾಳಾದವು, ಬಳಸದ್ದು ಒಂದೇ ಉಳಿಯಿತು. ಬಿಸಿಲು ಏರಿದಂತೆ ಹಿಂಡು ಮೆಲ್ಲಗೆ ನಮ್ಮ ಕಡೆ ತೇಲತೊಡಗಿತು. ಉಬ್ಬರ ಏರತೊಡಗಿದ್ದ ಹೊಳೆಯತ್ತ ಅವನು ನೋಡಿದ.

"ಭರತಿ ತಿರುಗ್ತು ಒಡೆಯಾ. ಹಲಗೆ ಹಾಕೂಕೆ ಹೋತೆ."

"ನೀನು ಎದ್ರೆ ಎಲ್ಲಾ ಹಾರ್ತವೆ. ಇದೊಂದು ತೆಗೀತೆ, ಕೂತ್ಕೊ."

ಕುಳಿತ. ಒಡೆಯರ ಕಡೆಯಿಂದ ಬಂದವನ ಮಾತು ಒಡೆಯರ ಮಾತೇ ಎಂಬುದು ಅಲ್ಲಿನ ರೂಢಿ. ಅದು ನನಗೆ ಗೊತ್ತಿತ್ತು. ಮತ್ತೆರಡು ಸಲ ಅವನು ಬಾಯಿ ತೆರೆದಾಗಲೂ ಕೈ ಎತ್ತಿ ಸುಮ್ಮನಿರಿಸಿದೆ.

ಚಿತ್ರ ಸಿಕ್ಕಿತು. ಅವನು ಓಡಿದ. ನಾನು ಬಾಗಿಲು ತಲುಪುವಾಗ ಎದೆಮಟ್ಟದ ನೀರಿನಲ್ಲಿ ನಿಂತು ಹಲಗೆಯನ್ನು ಭುಜದಿಂದ ಒತ್ತುತ್ತಿದ್ದ. ನಾನೂ ಇಳಿದೆ. ಹಲಗೆ ಕೂರಲಿಲ್ಲ. ಮಧ್ಯಾಹ್ನದೊಳಗೆ ಕೊಯ್ದ ಪೈರೆಲ್ಲ ಉಪ್ಪುನೀರಿನಲ್ಲಿ ತೇಲುತ್ತಿತ್ತು.

ಸಂಜೆ ಒಡೆಯರು ಬಂದು ಕಟ್ಟೆಯ ಮೇಲೆ ನಿಂತರು.

"ನಿದ್ದೆ ಹೊಡೆದ್ಯಾ?"

ಅವನು ನನ್ನ ಕಡೆ ನೋಡಲಿಲ್ಲ. "ಹೌದು ಒಡೆಯಾ," ಎಂದ. ನಾನು ಪಕ್ಕದಲ್ಲೇ ಇದ್ದೆ.

ಆ ವಾರ ಸುದ್ದಿ ಬರೆದೆ. ಆರು ಸಾಲು. ಸ್ಥಳ, ಹಾನಿ, ಉಬ್ಬರದ ಹೊತ್ತು ಎಲ್ಲ ಸರಿಯಾಗಿತ್ತು. ಕಾರಣ, ಕಾವಲಿನವನ ಅಜಾಗರೂಕತೆ. ಒಡೆಯರ ಹೇಳಿಕೆಯೂ ಅವನ ಒಪ್ಪಿಗೆಯೂ ಇದ್ದವು. ಪತ್ರಿಕೆಯ ಪದ್ಧತಿಗೆ ಅಷ್ಟು ಸಾಕಾಗುತ್ತಿತ್ತು.

ಬಾಗಿಲು ಬೇರೆಯವನಿಗೆ ಹೋಯಿತು. ಅವನು ಸುಂಕಸಾಳದ ಕಡೆ ಮರ ಕಡಿಯುವ ಕೂಲಿಗೆ ಹೊರಟ ದಿನ ಅಂಕೋಲೆಯಲ್ಲಿ ಮೋಟಾರು ನಿಲ್ಲುವಲ್ಲಿ ಸಿಕ್ಕಿದ. ಯಾರೋ ಕೊಟ್ಟ ಪತ್ರಿಕೆಯನ್ನು ಸೊಂಟದಿಂದ ತೆಗೆದ.

"ಇದ್ರಲ್ಲಿ ನಂದು ಬಂದದಂತೆ. ಓದಿ ಹೇಳಿ ಒಡೆಯಾ."

ಓದಿದೆ. ಒಂದು ಶಬ್ದವನ್ನೂ ಬಿಡಲಿಲ್ಲ.

"ಬರ್ದದ್ದು ಯಾರು?"

"ನಾನೇ."

ಅವನು ಪತ್ರಿಕೆಯನ್ನು ಮರಳಿ ತೆಗೆದುಕೊಳ್ಳಲಿಲ್ಲ. ಗಂಟು ಎತ್ತಿಕೊಂಡು ಮೋಟಾರಿನ ಹಿಂಬದಿಗೆ ಹತ್ತಿದ.