ಕೆಳಗಿನ ಜಾಗ

ಸಾಮಾನು ಸಾಗಿಸುವವರ ನಡುವೆ ಅವನಿಗೆ ತಕ್ಕಡಿ ಎಂದೇ ಹೆಸರು. ಕಬ್ಬಿಣದ ಬೀರುವಿಗೆ ಒಮ್ಮೆ ಭುಜ ತಾಗಿಸಿದರೆ ಸಾಕು, ಅದರ ಭಾರ ಎಲ್ಲಿ ಕೂತಿದೆ ಎಂದು ಹೇಳಿಬಿಡುತ್ತಿದ್ದ. ಓದು ತಲೆಗೆ ಹತ್ತಿರಲಿಲ್ಲ, ನಿಜ. ಆದರೆ ಭಾರದ ವಿಷಯ ಬಂದರೆ ಯಾವ ಮೇಷ್ಟರಿಗೂ ಪಾಠ ಹೇಳಬಲ್ಲ ಆಸಾಮಿ.

"ಹೊರೆ ಹೊಟ್ಟೆಗೆ ಅಂಟ್ಕೊಂಡಿರ್ಬೇಕು ಕಣೋ. ಒಂದು ಗೇಣು ದೂರ ಹೋಯ್ತೋ, ಅದೇ ಹೊರೆ ಸೊಂಟಕ್ಕೆ ಎರಡಾಗುತ್ತೆ. ಬಗ್ಗಬೇಡ. ಮಂಡಿ ಮಡಚಿ ಕೂತು, ಹಂಗೇ ಏಳು," ಎಂದು ತಮ್ಮನಿಗೆ ಇಪ್ಪತ್ತು ವರ್ಷ ಹೇಳಿದ್ದ. ಕೆಲಸದಲ್ಲಿ ತಮ್ಮನೇ ಅವನ ಜೋಡಿ.

ಮೆಟ್ಟಿಲಿಳಿಸುವಾಗ ಮಾತ್ರ ಈ ಜೋಡಿ ಎನ್ನುವುದು ಬರೀ ಮಾತು. ಬೀರು ಓರೆಯಾದ ಕೂಡಲೇ ಭಾರದ ಬಹುಪಾಲು ಕೆಳಗಿನವನ ಮೈಮೇಲೆ. ಅದಕ್ಕೇ ಮೇಲೆ ನಿಲ್ಲುವವನನ್ನು ಹೊರುವವರೆಲ್ಲ 'ನೆಂಟ' ಎಂದು ಆಡಿಕೊಳ್ಳುತ್ತಿದ್ದರು. ಕೆಳಗಿನ ಜಾಗ ಯಾವಾಗಲೂ ಅಣ್ಣನದು. ತಮ್ಮ ನಲವತ್ತು ದಾಟಿದರೂ ನೆಂಟನಾಗಿಯೇ ಉಳಿದಿದ್ದ, ಅದು ಅವನಿಗೆ ಚುಚ್ಚುತ್ತಿತ್ತು.

ಮೆಟ್ಟಿಲು ತಿರುಗುವಲ್ಲಿ ಮೇಲಿನವನು ಕೈ ಬದಲಿಸಬೇಕು. ಆ ಒಂದು ಗಳಿಗೆ ಪೂರ್ತಿ ಬೀರು ಕೆಳಗಿನವನ ಭುಜದ ಮೇಲೆ. ಮೇಲಿನವನು "ಬಂತಾ?" ಎನ್ನಬೇಕು, ಕೆಳಗಿನವನು ಕಾಲೂರಿ, ಭುಜ ಕೊಟ್ಟು, "ಬಂತು" ಎನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಪ್ರಾಣ ಹೋದರೂ ಕೈ ಸಡಿಲಿಸುವಂತಿಲ್ಲ.

ಅಣ್ಣನ ಬಲಮಂಡಿ ಸವೆದು ಎರಡು ವರ್ಷವಾಗಿತ್ತು. "ಮೆಟ್ಟಿಲು ಇಳಿಯುವಾಗ ಮೈಭಾರದ ಮೂರು ಪಟ್ಟು ಮಂಡಿ ಮೇಲೆ ಬೀಳುತ್ತೆ. ಅದರ ಮೇಲೆ ಬೀರು ಬೇರೆ ಹೊರ್ತೀರಾ?" ಎಂದು ಮೂಳೆ ಡಾಕ್ಟರು ರೇಗಿದ್ದರು.

"ಬೀರು ತಾನಾಗೇ ಇಳಿಯಲ್ವಲ್ಲ ಡಾಕ್ಟ್ರೇ," ಎಂದು ನಕ್ಕು ಎದ್ದು ಬಂದಿದ್ದ. ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ತಕ್ಕಡಿಗೆ ಮಂಡಿ ಹೋಯಿತಂತೆ ಎಂದು ನಾಲ್ಕು ಜನ ಆಡಿಕೊಳ್ಳುವುದನ್ನು ನೆನೆದರೇ ಅವನಿಗೆ ಮೈಯುರಿಯುತ್ತಿತ್ತು. ಹಾಳು ಜಂಬ!

ಅವತ್ತು ಬೆಳಿಗ್ಗೆ ಮಂಡಿ ಊದಿಕೊಂಡಿತ್ತು. ಮೂರನೇ ಮಹಡಿಯ ಮನೆ, ಎರಡು ಬಾಗಿಲಿನ ಬೀರು. "ಇವತ್ತು ನೀನು ಕೆಳಗೆ ನಿಲ್ಲು. ಎಷ್ಟು ದಿನ ಅಂತ ನೆಂಟನಾಗಿರ್ತೀಯ?" ಎಂದ. ತಮ್ಮನ ಮುಖ ಊರಗಲವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು. ಬರೆ ಬೀಳುತ್ತಿರುವುದು ಎಮ್ಮೆಗೆ ಗೊತ್ತಿರಲಿಲ್ಲ, ಅಷ್ಟೇ.

ಎರಡನೇ ತಿರುವಿನಲ್ಲಿ ಅಣ್ಣನ ಮಂಡಿಯೊಳಗೆ ಕೆಂಡ ಇಟ್ಟಂತಾಯಿತು. "ಬಂತಾ?" ಎಂದು ಕೂಗಿದ.

"ಬಂತು, ಬಂತು!" ಎಂದಿತು ಕೆಳಗಿನಿಂದ ಒಂದು ದನಿ.

ಕೈ ಬಿಟ್ಟ. ಕೂಗಿದ್ದು ಗೇಟಿನ ಹತ್ತಿರ ಲಾರಿಯ ದಾರಿ ಕಾಯುತ್ತಿದ್ದ ಮನೆಯ ಯಜಮಾನ. ಬಂದದ್ದು ಲಾರಿ. ತಮ್ಮನ ಕಾಲು ಇನ್ನೂ ಊರಿರಲಿಲ್ಲ. ಬೀರು ಅವನನ್ನು ಗೋಡೆಗೆ ಒತ್ತಿ, ಸೊಂಟದ ಮೇಲೆ ಕೂತಿತು.

ಎರಡು ತಿಂಗಳ ಮೇಲೆ ತಮ್ಮನನ್ನು ಆಸ್ಪತ್ರೆಯಿಂದ ಮನೆಗೆ ತಂದರು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಬಂದವರೆಲ್ಲ ಆ ಯಜಮಾನನ ಬಾಯಿಗೆ ಹಿಡಿಶಾಪ ಹಾಕಿದರು. ಇಪ್ಪತ್ತು ವರ್ಷ ಕೇಳಿದ ತಮ್ಮನ ದನಿ ಅಣ್ಣನಿಗೆ ಗೊತ್ತಿಲ್ಲವೇ? ನೋವಿಗೆ ಆ ಮಾತು ಬೇಕಾಗಿತ್ತು. ಯಾರ ಬಾಯಿಂದ ಬಂದರೂ ಸರಿ ಎನ್ನಿಸಿತ್ತು.

ಅದಕ್ಕಿಂತ ಸುಡುತ್ತಿದ್ದದ್ದು ತಮ್ಮನ ಮಾತು. ನೋಡಲು ಬಂದವರಿಗೆಲ್ಲ, "ಅಣ್ಣ ಸುಮ್‌ಸುಮ್ನೆ ಯಾರಿಗೂ ಕೆಳಗಿನ ಜಾಗ ಕೊಡೋನಲ್ಲ. ನನ್ನ ನಂಬಿ ಕೊಟ್ಟ," ಎನ್ನುತ್ತಿದ್ದ. ಮಲಗಿದಲ್ಲಿ ಅವನಿಗೆ ಉಳಿದಿದ್ದದ್ದು ಅದೊಂದೇ. ನಿಜ ಹೇಳಿದರೆ ಅದೂ ಹೋಗುತ್ತದೆ. ಹೇಳದಿದ್ದರೆ ಆ ಹೊಗಳಿಕೆಯನ್ನು ಅಣ್ಣ ದಿನವೂ ಕೇಳುತ್ತ ಕೂರಬೇಕು.

ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಹಗಲೆಲ್ಲ ಅದು ಅಣ್ಣನ ಕೆಲಸ. ಒಂದು ಮಧ್ಯಾಹ್ನ ತಮ್ಮನ ಬೆನ್ನ ಕೆಳಗೆ ತೋಳು ತೂರಿಸಿ, ಎದೆಗೆ ಅವಚಿಕೊಂಡಿದ್ದವನು ಹೇಳಿಯೇಬಿಟ್ಟ: "ಅವತ್ತು ನನ್ನ ಮಂಡಿ ಊದಿತ್ತು ಕಣೋ. ನಿಲ್ಲೋಕಾಗ್ತಿರ್ಲಿಲ್ಲ. ಅದಕ್ಕೇ ನಿನ್ನ ಕೆಳಗೆ ಹಾಕ್ದೆ."

ಬೈಯುತ್ತಾನೆ, ಉಗಿಯುತ್ತಾನೆ ಎಂದು ಕಾದ.

"ಹಾಗಾದ್ರೆ ನಾನು ಲಾಯಕ್ಕು ಅಂತ ನೀನು ಜಾಗ ಕೊಡ್ಲಿಲ್ವಾ?" ಎಂದ ತಮ್ಮ.

"ಅಯ್ಯೋ, ಲಾಯಕ್ಕಿದ್ದೆ ಕಣೋ, ಯಾವತ್ತೋ ಕೊಡ್ಬೇಕಿತ್ತು..." ಅಣ್ಣನಿಗೇ ಅದು ಸುಳ್ಳಾಗಿ ಕೇಳಿಸಿತು.

"ಕೈ ತೆಗಿ. ಅವಳನ್ನ ಕರಿ."

ಅಣ್ಣ ಹೊರಗೆ ಹೋಗಿ ತಮ್ಮನ ಹೆಂಡತಿಯನ್ನು ಕರೆದ. "ನೀವೇ ಮಾಡಿ ಭಾವ, ನನ್ನ ಕೈಲಿ ಆಗಲ್ಲ," ಎಂದಳು. ಅವನು ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಅವನ ಮುಖ ನೋಡಿ ಒಳಗೆ ಹೋದಳು.

ಗಾಳಿ ಬಂದರೆ ಹಾರುವಂಥ ಹೆಂಗಸು. ಮಂಚದ ಈಚೆ ನಿಂತು, ತೋಳು ದೂರಕ್ಕೆ ಚಾಚಿ, ಸೊಂಟದಿಂದ ಬಗ್ಗಿ ಎಳೆಯುತ್ತಿದ್ದಾಳೆ. ಹಾಗಲ್ಲಮ್ಮ, ಹತ್ತಿರ ಹೋಗು, ಮಂಡಿ ಮಡಚು ಎನ್ನಬೇಕೆಂದು ಬಾಯಿ ತೆರೆದ. ತಮ್ಮ ಬಾಗಿಲಿನ ಕಡೆಗೇ ನೋಡುತ್ತಿದ್ದ. ಅಣ್ಣ ಬಾಯಿ ಮುಚ್ಚಿಕೊಂಡು, ಅವಳು ನರಳುತ್ತ ಎಳೆಯುವುದನ್ನು ನೋಡುತ್ತ ನಿಂತ.