ಬರೋಕ್ ಡಿಪ್ಲೊಮಾದ ಎಂಟನೆಯ ವಿದ್ಯಾರ್ಥಿನಿ

ಬರೋಕ್ ಅಂದರೆ ಏನು ಎಂದು ಬೀರಯ್ಯನಿಗೆ ಕೊನೆಯವರೆಗೂ ಸರಿಯಾಗಿ ಗೊತ್ತಾಗಲಿಲ್ಲ. ಹಾಗೆ ನೋಡಿದರೆ ಅದನ್ನು ಪಾಠ ಮಾಡುತ್ತಿದ್ದ ಸಿದ್ದಲಿಂಗಸ್ವಾಮಿಯವರಿಗೂ ಪೂರ್ತಿ ಗೊತ್ತಿತ್ತು ಎಂದು ಆಣೆ ಮಾಡಿ ಹೇಳುವಂತಿರಲಿಲ್ಲ. ಅವರು ಓದಿಕೊಂಡದ್ದು ಹೊಯ್ಸಳರ ದೇವಸ್ಥಾನಗಳನ್ನು. ಇಟಲಿಗೆ ಹೋಗಿಬಂದ ಹಿರಿಯ ಪ್ರೊಫೆಸರೊಬ್ಬರು ವಿಶ್ವವಿದ್ಯಾನಿಲಯದಲ್ಲಿ 'ಬರೋಕ್ ವಾಸ್ತುಶಿಲ್ಪ ಡಿಪ್ಲೊಮಾ' ಎಂಬ ಒಂದು ವರ್ಷದ ಸಂಜೆ ತರಗತಿ ತೆರೆದು, ಹುಮ್ಮಸ್ಸು ಇಳಿಯುವ ಹೊತ್ತಿಗೆ ನಿವೃತ್ತರಾಗಿ, ಒಂದು ಪೆಟ್ಟಿಗೆ ಸ್ಲೈಡುಗಳನ್ನೂ ಒಂದು ನಿಯಮಾವಳಿಯನ್ನೂ ಇವರ ಕೊರಳಿಗೆ ಕಟ್ಟಿ ಹೋಗಿದ್ದರು. ಮುನ್ನೂರು ವರ್ಷದ ಹಿಂದೆ ರೋಮಿನ ಕಡೆ ಕಟ್ಟಿದ ಚರ್ಚುಗಳು, ಅರಮನೆಗಳು ಪಾಠದ ವಿಷಯ. ನಿಯಮಾವಳಿಯಲ್ಲಿ 'ಸ್ಥಳ ಅಧ್ಯಯನ ಕಡ್ಡಾಯ' ಎಂದಿತ್ತು. ರೋಮಿಗೆ ಕರೆದೊಯ್ಯುವವರು ಯಾರು? ಸ್ವಾಮಿಯವರು ವಿದ್ಯಾರ್ಥಿಗಳನ್ನು ಮೈಸೂರೆಲ್ಲ ಸುತ್ತಿಸಿ, ಒಂದೊಂದು ದೊಡ್ಡ ಕಟ್ಟಡದ ಮುಂದೆಯೂ ನಿಲ್ಲಿಸಿ, "ಇದು ಬರೋಕ್ ಅಲ್ಲ, ಬರೆದುಕೊಳ್ಳಿ" ಎಂದು ಹೇಳಿ ಕರೆತರುತ್ತಿದ್ದರು.

ಬೀರಯ್ಯ ಆ ತರಗತಿಯ ಅಟೆಂಡರು. ಬಾಗಿಲು ತೆಗೆಯುವುದು, ಪರದೆ ಇಳಿಸುವುದು, ಮುಖ್ಯವಾಗಿ ಸ್ಲೈಡ್ ಪ್ರೊಜೆಕ್ಟರ್ ನಡೆಸುವುದು ಅವನ ಕೆಲಸ. ಚಾವಣಿಯ ಚಿತ್ರಗಳು ಬಂದಾಗ ಮಾತ್ರ ಫಜೀತಿ. ರೆಕ್ಕೆಯವರು, ಮೋಡಗಳು, ಕಾಲು ಮೇಲಾದವರು ಎಲ್ಲರೂ ಒಟ್ಟಿಗೆ ಹಾರುತ್ತಿದ್ದರೆ ಯಾವುದು ಮೇಲೆ, ಯಾವುದು ಕೆಳಗೆ? "ತಿರುಗಿಸಿ ಬೀರಯ್ಯ" ಅನ್ನುವರು ಸ್ವಾಮಿಯವರು. ತಿರುಗಿಸಿದರೆ, "ಮೊದಲಿದ್ದದ್ದೇ ಸರಿ ಅಂತ ಕಾಣುತ್ತೆ" ಅನ್ನುವರು.

ಆದರೂ ಆ ಕೋಣೆ ಅವನಿಗೆ ಸ್ವರ್ಗ. ಅದಕ್ಕೆ ಮೊದಲು ವರ್ಷಗಟ್ಟಲೆ ಅವನನ್ನು ಹಳೆಯ ಉತ್ತರಪತ್ರಿಕೆಗಳ ಗೋಡೌನಿನಲ್ಲಿ ಹಾಕಿದ್ದರು. ಬನ್ನಿಮಂಟಪದ ಕಡೆಯ ಶೀಟಿನ ಶೆಡ್ಡು ಅದು. ಕಟ್ಟು ಎತ್ತಿದರೆ ಧೂಳು, ಇಳಿಸಿದರೆ ಧೂಳು. ಅಲ್ಲಿಯೇ ಅವನಿಗೆ ಉಬ್ಬಸ ಹತ್ತಿದ್ದು. ಉಸಿರು ಎಳೆದುಕೊಳ್ಳಲಾರದೆ ಅವನು ಗೋಡೆಗೆ ಒರಗಿ ಕೂತರೆ ಹೆಂಡತಿ ಇಂದ್ರಮ್ಮ ಬಿಸಿನೀರು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಡಿಪ್ಲೊಮಾ ಕೋಣೆಗೆ ಬಂದ ಮೇಲೆ ಆ ಕಾಟ ತಪ್ಪಿತ್ತು.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಸೇರಲು ಬಂದವರು ಏಳೇ ಜನ. ಎಂಟಕ್ಕೆ ಕಡಿಮೆಯಾದರೆ ಆ ವರ್ಷ ತರಗತಿ ಇಲ್ಲ ಎಂದು ನಿಯಮ.

"ಅಂಗಾದ್ರೆ ನಾನೆಲ್ಲಿಗೆ ಸಾರ್?" ಎಂದು ಬೀರಯ್ಯ ಕೇಳಿದ.

"ಇನ್ನೆಲ್ಲಿಗೆ, ಮೊದಲಿದ್ದ ಜಾಗಕ್ಕೇ" ಎಂದರು ಸ್ವಾಮಿಯವರು. ಅವರಿಗೆ ಒಳಗೊಳಗೇ ಹಗುರವಾದಂತಿತ್ತು.

ಬೀರಯ್ಯ ಶ್ರೀರಾಂಪುರದ ಮನೆಗೆ ಹೋಗುವಷ್ಟರಲ್ಲಿ ಉಪಾಯ ಹೊಳೆದಿತ್ತು. ಇಂದ್ರಮ್ಮ ನಂಜನಗೂಡಿನ ಮೇಷ್ಟರ ಮಗಳು, ಮದುವೆಗೆ ಮೊದಲೇ ಪಿಯುಸಿ ಪಾಸಾದವಳು. ಸರ್ಟಿಫಿಕೇಟುಗಳಲ್ಲಿ ಇದ್ದದ್ದು ಅವಳಪ್ಪನ ಹೆಸರು, ಗಂಡ ಯಾರೆಂದು ಅವುಗಳಿಂದ ತಿಳಿಯುತ್ತಿರಲಿಲ್ಲ. ಡಿಪ್ಲೊಮಾಕ್ಕೆ ಬೇಕಾದದ್ದೂ ಪಿಯುಸಿ, ವಯಸ್ಸಿನ ಮಿತಿ ಇಲ್ಲ.

"ನಿಮಗೇನು ತಲೆ ಕೆಟ್ಟದಾ? ಈ ವಯಸ್ನಲ್ಲಿ ನಾನು ಬೆಂಚ್ ಮೇಲೆ ಕೂತ್ಕಳ್ಳಾದಾ?" ಎಂದಳು ಇಂದ್ರಮ್ಮ.

"ಓದ್ಬೇಡ ಕಣೇ. ಸುಮ್ನೆ ಬಂದು ಕೂತು ಎದ್ದೋಗು. ಲೆಕ್ಕಕ್ಕೆ ಒಂದು ತಲೆ ಆಯ್ತದೆ."

"ಊರೋರೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರೆ. ನಾನು ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನಿ" ಎಂದು ನಕ್ಕಳು. ಅವನ ಉಬ್ಬಸ ಅವಳಿಗೆ ಗೊತ್ತಿಲ್ಲದ್ದಲ್ಲ. ಒಪ್ಪಿದಳು.

ಹೆಂಡತಿ ಎಂದು ಯಾರಿಗೂ ಹೇಳಬಾರದು ಎಂಬುದು ಬೀರಯ್ಯನ ಷರತ್ತು. ಇಂಥದ್ದಕ್ಕೂ ಎಲ್ಲೋ ಒಂದು ನಿಯಮ ಇದ್ದೀತು ಎಂಬ ಅಳುಕು ಅವನಿಗೆ. ಒಂದೇ ಮನೆಯಿಂದ ಹೊರಟು ಬೇರೆ ಬೇರೆ ಬಸ್ಸು ಹತ್ತಿ ಬರುತ್ತಿದ್ದರು. ಕೋಣೆಯಲ್ಲಿ ಅವನು ಅವಳನ್ನು "ಮೇಡಮ್ಮೋರೆ" ಅನ್ನುತ್ತಿದ್ದ. ಅವಳು ಏನೂ ಅನ್ನುತ್ತಿರಲಿಲ್ಲ, ಗಂಡನ ಹೆಸರು ಹೇಳುವ ಪದ್ಧತಿ ಅವಳಿಗಿರಲಿಲ್ಲ. ಮಿಕ್ಕ ಏಳು ಜನ ಮಾತ್ರ, ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಮಂಜುಶ್ರೀಯಂಥ ಹುಡುಗಿಯೂ, "ಬೀರಯ್ಯಾ, ಫ್ಯಾನ್ ಹಾಕು. ಬೀರಯ್ಯಾ, ಮುಂದಿನ ಸ್ಲೈಡು" ಎಂದು ಕೂಗುತ್ತಿದ್ದರು. ಅವನಿಗೆ ಅದು ರೂಢಿಯಾಗಿತ್ತು.

ಸುಮ್ಮನೆ ಕೂತು ಬಾ ಎಂದರೆ ಇಂದ್ರಮ್ಮ ಓದತೊಡಗಿದಳು. ಬೀರಯ್ಯನಿಗೆ ಇದು ಅರ್ಥವಾಗಲಿಲ್ಲ. ರಾತ್ರಿ ರೊಟ್ಟಿ ತಟ್ಟುತ್ತ ಅವಳು ತಿರುಚಿದ ಕಂಬಗಳ, ಬಳುಕುವ ಗೋಡೆಗಳ ವಿಷಯ ಹೇಳುವಳು.

"ಗೋಡೆ ಅಂದ್ಮೇಲೆ ನೆಟ್ಟಗೆ ನಿಂತಿರಬೇಕು. ಅದ್ಯಾಕೆ ಅಂಗೆ ಬಳುಕ್ತದೆ?" ಎಂದು ಅವನು ಕೇಳಿದರೆ, "ಹಬ್ಬದೂಟದ ಎಲೆ ನೋಡಿಲ್ವಾ? ಒಂದಿಂಚು ಜಾಗ ಬುಡದಂಗೆ ಬಡಿಸ್ತೀವಿ. ಉಣ್ಣೋಕೆ ಮೊದ್ಲೇ ಕಣ್ತುಂಬಬೇಕು. ಅವರೂ ಅಂಗೇ ಕಟ್ಟವ್ರೆ" ಎಂದಳು. ಅವನಿಗೆ ಎಲೆ ಅರ್ಥವಾಯಿತು, ಗೋಡೆ ಆಗಲಿಲ್ಲ. ಆದರೆ ಅವಳು ಹೇಳುತ್ತಿದ್ದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತಿತ್ತು.

ಪ್ರತಿ ವಿದ್ಯಾರ್ಥಿಯೂ ಒಮ್ಮೆ ಎದ್ದು ನಿಂತು ಸ್ಲೈಡು ತೋರಿಸಿ ಮಾತಾಡಬೇಕು ಎಂಬುದು ಇನ್ನೊಂದು ನಿಯಮ. ಇಂದ್ರಮ್ಮನ ಸರದಿ ಬಂತು. ಸೆರಗು ಹೊದ್ದು ನಿಂತಳು. ಮೊದಲು ತಡವರಿಸಿದಳು, ಆಮೇಲೆ ಮಾತು ಸಲೀಸಾಯಿತು. ಎಲ್ಲೋ ಮರೆಯಾದ ಕಿಟಕಿಯಿಂದ ಬೆಳಕು ಹೇಗೆ ಕಲ್ಲಿನ ಮೇಲೆ ಬೀಳುತ್ತದೆ ಎಂದು ಹೇಳಿದಳು. ಸ್ವಾಮಿಯವರು ತಲೆದೂಗಿದರು. ಮುಂದಿನ ಚಿತ್ರ ಬೇಕಾಯಿತು. ಎಲ್ಲರಂತೆ "ಬೀರಯ್ಯಾ" ಅನ್ನಬೇಕಾದ ಜಾಗ ಅದು. ಅವಳು ಒಂದು ಗಳಿಗೆ ನಿಂತಳು.

"ನಮ್ಮೆಜಮಾನ್ರು ಈಗ ಮುಂದಿನ ಚಿತ್ರ ಹಾಕ್ತಾರೆ, ನೋಡಿ" ಎಂದಳು.

ಬೀರಯ್ಯನ ಕೈ ಪ್ರೊಜೆಕ್ಟರ್ ಮೇಲೇ ಉಳಿಯಿತು. ಮಂಜುಶ್ರೀ ತಿರುಗಿ ಅವನನ್ನು ನೋಡಿದಳು, ಮೊದಲ ಸಲ ನೋಡುವವಳ ಹಾಗೆ.

ಮಾರನೆಯ ದಿನವೇ ಕಚೇರಿಯ ಸೂಪರಿಂಟೆಂಡೆಂಟ್ ಪ್ರೇಮಲೀಲಾ ಕರೆಸಿದರು. ಅವರು ಕೆಟ್ಟವರಲ್ಲ, ನಿಯಮದವರು. "ನೋಡಿ ಬೀರಯ್ಯ, ಅಭ್ಯರ್ಥಿಯ ಗಂಡನೋ ಹೆಂಡತಿಯೋ ಅದೇ ವಿಭಾಗದಲ್ಲಿ ಕೆಲಸಕ್ಕೆ ಇರೋ ಹಾಗಿಲ್ಲ. ಒಂದು, ಅವರು ಹೆಸರು ವಾಪಸ್ ತಗೋಬೇಕು. ಇಲ್ಲ, ನೀವು ಗೋಡೌನಿಗೆ ಹೋಗಬೇಕು."

"ಅವಳು ಬುಟ್ರೆ ಏಳೇ ಜನ ಆಯ್ತಾರಲ್ಲ ಮೇಡಂ, ಕ್ಲಾಸು ನಿಂತೋಗಲ್ವಾ?"

"ಸೇರೋ ದಿನ ಎಂಟಿದ್ದರೆ ಸಾಕು. ಈ ವರ್ಷಕ್ಕೆ ತೊಂದರೆ ಇಲ್ಲ."

ಹಾಗಾದರೆ ದಾರಿ ಸುಲಭವಾಗಿತ್ತು. ಅವಳು ಬಿಟ್ಟರೆ ಇವನು ಉಳಿಯುತ್ತಾನೆ. ಅದಕ್ಕೆ ತಾನೇ ಅವಳನ್ನು ಸೇರಿಸಿದ್ದು? ಮನೆಗೆ ಹೋಗಿ ಹೇಳಿದಾಗ ಇಂದ್ರಮ್ಮ, "ನಿಮ್ಮ ಉಸಿರಿಗಿಂತ ಅದೇನು ದೊಡ್ಡದಾ, ಬುಡಿ" ಎಂದು ಪುಸ್ತಕಗಳನ್ನು ಅಟ್ಟದ ಮೇಲೆ ಎತ್ತಿಟ್ಟಳು. ಬೀರಯ್ಯನಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಯೋಚಿಸಿ ಇನ್ನಷ್ಟು ಗೊಂದಲವಾಯಿತು.

ಮುಂದಿನ ತರಗತಿಯಲ್ಲಿ ಅವಳ ಜಾಗ ಖಾಲಿ. ಸ್ವಾಮಿಯವರು ಹೊಸ ಚಾವಣಿಯೊಂದನ್ನು ಹಾಕಿಸಿದರು. ಬೀರಯ್ಯ ಪರದೆ ನೋಡಿದ. ಹಾರುವವರೆಲ್ಲ ಹಾರುತ್ತಲೇ ಇದ್ದರು. ಇದರಲ್ಲಿ ಏನಿದೆ ಎಂದು ರಾತ್ರಿ ಮನೆಯಲ್ಲಿ ಹೇಳುವವರು ಇನ್ನಿಲ್ಲ ಅನ್ನಿಸಿತು. ಅವಳು ರೊಟ್ಟಿ ತಟ್ಟುತ್ತಾಳೆ, ಇವನು ತಿನ್ನುತ್ತಾನೆ, ಮೊದಲಿನಂತೆ. ಮೊದಲು ಅದು ಸಾಕಾಗಿತ್ತು. ಈಗ ಎದೆ ಭಾರವಾಯಿತು, ಅದು ಉಬ್ಬಸದ ಭಾರವಲ್ಲ.

ಮರುದಿನ ಕಚೇರಿ ತೆರೆಯುತ್ತಲೇ ಅವನು ನೇರವಾಗಿ ಪ್ರೇಮಲೀಲಾ ಅವರ ಮೇಜಿನ ಮುಂದೆ ನಿಂತ. "ಅವಳ ಹೆಸರು ತೆಗೀಬೇಡಿ ಮೇಡಂ. ನನ್ನನ್ನೇ ಕಳ್ಸಿ."

"ಯೋಚನೆ ಮಾಡಿದ್ದೀರಾ?"

"ಇಲ್ಲ ಮೇಡಂ. ಯೋಚ್ನೆ ಮಾಡಿದ್ರೆ ಆಗಲ್ಲ" ಎಂದ.

ಸುದ್ದಿ ತಿಳಿದ ಇಂದ್ರಮ್ಮ ಕೆಂಡವಾದಳು. "ಯಾರು ಕೇಳಿದ್ರು ನಿಮ್ಮನ್ನ? ನಾನು ಬುಟ್ಟಾಗಿತ್ತಲ್ಲ! ಆ ಧೂಳಲ್ಲಿ ಬಿದ್ದು ಸಾಯಕ್ಕೆ ಬರೆದುಕೊಟ್ರಾ?" ಎಂದು ಬೈದಳು, ಬೈಯುತ್ತಲೇ ಅತ್ತಳು. ಆಮೇಲೆ ಅಟ್ಟದಿಂದ ಪುಸ್ತಕ ಇಳಿಸಿದಳು. ಇನ್ನು ಪಾಸಾಗದೆ ವಿಧಿಯಿರಲಿಲ್ಲ. ಆದಳು, ಎರಡನೇ ದರ್ಜೆಯಲ್ಲಿ.

ಮರುವರ್ಷ ಸೇರಲು ಬಂದವರು ಐದೇ ಜನ. ಡಿಪ್ಲೊಮಾ ಮುಚ್ಚಿತು, ಸ್ವಾಮಿಯವರು ಹೊಯ್ಸಳರ ಬಳಿಗೆ ಮರಳಿದರು. ಹೇಗಿದ್ದರೂ ಬೀರಯ್ಯನಿಗೆ ಗೋಡೌನೇ ಗತಿಯಾಗುತ್ತಿತ್ತು. ಇಷ್ಟಕ್ಕೆ ಇಷ್ಟೆಲ್ಲ ಒದ್ದಾಡಬೇಕಿತ್ತೇ ಎಂದು ಅವನು ಎಷ್ಟೋ ಸಲ ಲೆಕ್ಕ ಹಾಕಿದ, ಲೆಕ್ಕ ಹತ್ತಲಿಲ್ಲ. ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು ಕಟ್ಟು ಎತ್ತಿದ. ಉಬ್ಬಸ ಹಳೆಯ ನೆಂಟನಂತೆ ಬಂದು ಕೂತಿತು.

ನಾಲ್ಕು ವರ್ಷ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವನು ಗೋಡೆಗೆ ಒರಗಿ ಉಸಿರಿಗೆ ತಿಣುಕುತ್ತಿದ್ದ. ಇಂದ್ರಮ್ಮ ಬಿಸಿನೀರಿನ ಲೋಟ ಹಿಡಿದು ಪಕ್ಕದಲ್ಲಿದ್ದಳು. ಇದ್ದಕ್ಕಿದ್ದಂತೆ ಅವಳ ಕಣ್ಣು ತುಂಬಿತು.

"ಅವತ್ತು ನಾನು ಬಾಯಿತಪ್ಪಿ ಅನ್ನಲಿಲ್ಲ ಕಣ್ರೀ" ಎಂದಳು.

"ಯಾವತ್ತು?"

"ಸ್ಲೈಡ್ ಹಾಕ್ತಿದ್ದಾಗ. ಬೇಕೂಂತಲೇ ಅಂದೆ. ದಿನಾ ಆ ಹುಡುಗ್ರು, ಬೀರಯ್ಯಾ ಬಾ, ಬೀರಯ್ಯಾ ಹೋಗು ಅಂತಿದ್ರೆ ನಾನು ಹಿಂದಿನ ಬೆಂಚಲ್ಲಿ ಯಾರೋ ಥರ ಕೂತಿರ್ಬೇಕಿತ್ತು. ನಂಗೆ ತಡ್ಕಳಕ್ಕಾಗ್ಲಿಲ್ಲ. ನೀವು ಯಾರು ಅಂತ ಅವರಿಗೆ ಗೊತ್ತಾಗ್ಲಿ ಅಂತ ಅಂದ್ಬುಟ್ಟೆ. ಇಂಗಾಯ್ತದೆ ಅಂತ ಗೊತ್ತಿದ್ರೆ ನಾಲಿಗೆ ಕಚ್ಕೊಂಡಿರ್ತಿದ್ದೆ."

ಬೀರಯ್ಯ ಅವಳ ಮುಖವನ್ನೇ ನೋಡಿದ. ಸಿಟ್ಟು ಬರಬೇಕೋ ಏನೋ, ಹುಡುಕಿದರೂ ಸಿಗಲಿಲ್ಲ. ನಗು ಬಂತು. ನಗುವಷ್ಟು ಉಸಿರಿರಲಿಲ್ಲ. ಲೋಟ ಕೆಳಗಿಡಿಸಿ ಅವಳ ಕೈ ಹಿಡಿದುಕೊಂಡ. ಅವಳು ಇನ್ನೊಂದು ಕೈಯಿಂದ ಅವನ ಬೆನ್ನು ನೀವುತ್ತ ಕೂತಳು.