ರಾಕ್ಷಸನ ಹೊಟ್ಟೆಯಲ್ಲಿದ್ದ ಹತ್ತಿ

ಆಕಾಶದಿಂದ ಬಿದ್ದ ರಾಕ್ಷಸ ಊರು ತುಳಿಯುವ ಸಿನಿಮಾಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದುಡ್ಡಿಲ್ಲದವರು ತೆಗೆದದ್ದಾದರೆ ಇನ್ನೂ ಹೆಚ್ಚು. ರಬ್ಬರಿನ ಹಲ್ಲಿ, ಆಟಿಕೆ ಬಸ್ಸು, ದಾರಕ್ಕೆ ನೇತಾಡುವ ಹಾರುವ ತಟ್ಟೆ, ಬಿಳಿ ಕೋಟು ತೊಟ್ಟು ಬಣ್ಣದ ನೀರು ಕಲಕುವ ವಿಜ್ಞಾನಿ. ಇದನ್ನೆಲ್ಲ ನೋಡಿ 'ಎಷ್ಟು ಕೆಟ್ಟದಾಗಿದೆ, ಅದಕ್ಕೇ ಮಜಾ' ಎಂದು ಹೊಟ್ಟೆ ಹಿಡಿದುಕೊಂಡು ನಗುವವರ ಪಕ್ಕದಲ್ಲಿ ನಾನು ಕೂರುವುದೂ ಇಲ್ಲ. ಅಂಥದ್ದೊಂದು ಸಿನಿಮಾದ ರಾಕ್ಷಸನ ಹೊಟ್ಟೆಯಲ್ಲಿ ನಮ್ಮವ್ವನ ಗಾದಿಯ ಹತ್ತಿ ಇತ್ತು. ಆ ಹತ್ತಿ ನನಗೆ ಬರಬೇಕಾಗಿತ್ತು.

ನಾವು ಪಿಂಜಾರರು. ಅಪ್ಪ ಹೊನ್ನಾಳಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಾನೆ. ಫೋಮ್ ಹಾಸಿಗೆ ಬಂದ ಮೇಲೆ ಹೊಲಿಯುವುದಕ್ಕಿಂತ ಟಿವಿ ನೋಡುವುದೇ ಜಾಸ್ತಿ. ಮಧ್ಯಾಹ್ನದ ಊಟ ಮುಗಿಯಿತೆಂದರೆ ಕನ್ನಡಕ್ಕೆ ಡಬ್ ಆದ ರಾಕ್ಷಸನ ಸಿನಿಮಾ ಹಾಕಿಕೊಂಡು ಕೂರುತ್ತಾನೆ. ಕಂಪ್ಯೂಟರಿನಲ್ಲಿ ಮಾಡಿದ ದೊಡ್ಡ ಸಿನಿಮಾಗಳು ಅವನಿಗೆ ಸೇರುವುದಿಲ್ಲ.

"ಅದ್ರಾಗೆ ಯಾರು ಏನು ಮಾಡ್ಯಾರೆ ಅಂತ ಗೊತ್ತಾಗಲ್ಲ. ಇಲ್ನೋಡು, ಬೆನ್ನಾಗೆ ಜಿಪ್ ಐತೆ. ಕಂಕುಳಾಗೆ ಹೊಲಿಗೆ ಬಿಟ್ಟೈತೆ. ಒಳಗಿರೋನು ಎಷ್ಟು ಬೆವರ್ತಾನೋ, ಪಾಪ."

ನಾಯಕಿ ಜೀವ ಹೋಗುವ ಹಾಗೆ ಕಿರುಚುತ್ತಿರುತ್ತಾಳೆ, ಇವನು ರಾಕ್ಷಸನಿಗೆ ಮರುಗುತ್ತಿರುತ್ತಾನೆ. ಜಗಳೂರಿನ ನನ್ನ ಗಂಡನ ಮನೆಯಿಂದ ತವರಿಗೆ ಬಂದಾಗಲೆಲ್ಲ ನನಗೆ ಇದೇ ಸೇವೆ.

ಅವ್ವ ಕೊನೆಯ ಮೂರು ವರ್ಷ ಎದ್ದು ನಿಲ್ಲಲಿಲ್ಲ. ಅವಳ ಮಗ್ಗುಲು ಬದಲಿಸಿದ್ದು, ಮೈ ಒರೆಸಿದ್ದು, ಅನ್ನ ತಿನ್ನಿಸಿದ್ದು ಎಲ್ಲ ಆ ಗಾದಿಯ ಮೇಲೆಯೇ. ತೀರಿಕೊಂಡವರ ಹಾಸಿಗೆಯನ್ನು ಬೇರೆಯವರು ಹೊರಗೆ ಹಾಕಬಹುದು. ನಮ್ಮ ಮನೆಯಲ್ಲಿ ಹತ್ತಿ ಎಸೆಯುವ ಮಾತೇ ಇಲ್ಲ. ಬಿಸಿಲಿಗೆ ಹರವಿ, ಬಿಲ್ಲು ಮೀಟಿ ಹಿಂಜಿ, ಹೊಸ ಬಟ್ಟೆಗೆ ತುಂಬಿದರೆ ಅದೇ ಹತ್ತಿ ಇನ್ನೊಂದು ಗಾದಿಯಾಗುತ್ತದೆ. "ಮಳೆಗಾಲ ಕಳೀಲಿ, ನಿನಗೇ ಹೊಲಿದು ಕೊಡ್ತೀನಿ" ಎಂದು ಅಪ್ಪ ಹೇಳಿದ್ದ. ನಾನು ಅದಕ್ಕೆ ಬಟ್ಟೆಯನ್ನೂ ಆರಿಸಿ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ನ್ಯಾಮತಿಯಿಂದ ಮೂವರು ವಕ್ಕರಿಸಿದರು. ಮದುವೆ ವಿಡಿಯೊ ತೆಗೆಯುವವರು, ಈಗ ಸಿನಿಮಾ ತೆಗೆಯುವ ಹುಚ್ಚು ಹತ್ತಿತ್ತು. ಬೇರೆ ಗ್ರಹದ ರಾಕ್ಷಸ ಉಬ್ರಾಣಿಯ ಮೆಕ್ಕೆಜೋಳದ ಹೊಲಕ್ಕೆ ಇಳಿಯುತ್ತದಂತೆ. ಅಷ್ಟು ದೂರದಿಂದ ಬಂದದ್ದು ಮೆಕ್ಕೆಜೋಳ ತಿನ್ನಲಿಕ್ಕೆ! ಆಳೊಬ್ಬ ಒಳಗೆ ಹೊಕ್ಕು ನಡೆಯುವಂಥ ಅದರ ಮೈ ಹೊಲಿದು ಕೊಡಿ ಎಂದು ಅಪ್ಪನನ್ನು ಕೇಳಿದರು. ಅಪ್ಪ ಹಿಗ್ಗಿ ಹೀರೇಕಾಯಿ ಆದ. ಅಂಗಡಿಯಲ್ಲಿ ಹತ್ತಿ ಇರಲಿಲ್ಲ, ಅವರಿಗೆ ಅವಸರವಿತ್ತು. ಅವ್ವನ ಗಾದಿ ಬಿಚ್ಚಿ ತುಂಬಿಬಿಟ್ಟ. ನನಗೆ ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ.

"ಎಲ್ಲಿಗೂ ಹೋಗಲ್ಲವ್ವ. ಶೂಟಿಂಗ್ ಆದ್ಮೇಲೆ ವಾಪಸ್ ಬರ್ತೈತೆ. ಬಿಚ್ಚಿ ಹಿಂಜಿದ್ರೆ ಆತು."

"ವಾಪಸ್ ಕೊಡಬೇಕು ಅಂತ ಅವ್ರಿಗೆ ಹೇಳೀಯಾ?"

"ಅದನ್ನ ಬೇರೆ ಹೇಳಬೇಕಾ? ಹತ್ತಿ ಅಲ್ವೇನು!"

ಈ ತಪ್ಪನ್ನು ಪಿಂಜಾರ ಬಿಟ್ಟು ಬೇರೆ ಯಾರೂ ಮಾಡಲಾರರು. ತಾನು ತುಂಬಿದ ಹತ್ತಿ ಎಂದಾದರೊಂದು ದಿನ ಮತ್ತೆ ತನ್ನ ಬಿಲ್ಲಿನ ಕೆಳಗೇ ಬರುತ್ತದೆ ಎಂದು ನಂಬಿ ಬದುಕಿದವನು ಅವನು. ಆ ಮೂವರಲ್ಲಿ ನಿರ್ದೇಶಕ ಅನ್ನಿಸಿಕೊಂಡವನಿಗೆ ನಾನೇ ಫೋನ್ ಮಾಡಿ ಬಿಡಿಸಿ ಹೇಳಿದೆ. "ಆಯ್ತಕ್ಕಾ, ಆಯ್ತಕ್ಕಾ" ಅಂದ. ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಸಿನಿಮಾ ತೋರಿಸಿದ್ದು ಚನ್ನಗಿರಿಯ ಒಂದು ಸಮುದಾಯ ಭವನದಲ್ಲಿ, ಭಾನುವಾರ ಬೆಳಿಗ್ಗೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. "ಅಂಚಿಗೆ ಕೂರಾಣ. ಜನ ಹೆದರಿ ಓಡಾಕೆ ದಾರಿ ಬೇಕಲ್ಲ" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ರಾಕ್ಷಸ ಬಂತು. ಹತ್ತಿ ಒಂದೇ ಕಡೆ ಸರಿಯಬಾರದೆಂದು ಗಾದಿಗೆ ಹಾಕುವ ಹಾಗೆಯೇ ಅಪ್ಪ ಅದರ ಮೈತುಂಬ ಗೇಣಿಗೊಂದು ದಾರದ ಗಂಟು ಹಾಕಿದ್ದ. ಬೇರೆ ಗ್ರಹದಿಂದ ಎದ್ದು ಬಂದ ಗಾದಿ ಮೆಕ್ಕೆಜೋಳದ ನಡುವೆ ವಾಲಾಡುತ್ತಾ ಹೆಜ್ಜೆ ಹಾಕಿತು. "ಗಾದಿ ಬಂತು, ಮಲಗ್ರಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಭವನಕ್ಕೆ ಭವನವೇ ಬಿದ್ದು ಬಿದ್ದು ನಕ್ಕಿತು. ಅಪ್ಪ ಒಮ್ಮೆ ಹಿಂತಿರುಗಿ ನೋಡಿ, ಮತ್ತೆ ತೆರೆಯ ಕಡೆ ತಿರುಗಿದ. ಎದ್ದು ಒಬ್ಬೊಬ್ಬರ ಕಪಾಳಕ್ಕೂ ಬಾರಿಸಬೇಕು ಅನ್ನಿಸಿತು ನನಗೆ.

ಕೊನೆಗೆ ನಾಯಕ, ಒಳಗೆ ಆಳಿಲ್ಲದೆ ನೆಲಕ್ಕೆ ಬಿದ್ದಿದ್ದ ರಾಕ್ಷಸನ ಮೇಲೆ ಪೆಟ್ರೋಲ್ ಸುರಿದು ಕಡ್ಡಿ ಗೀರಿದ. ಬಟ್ಟೆ ಸುಟ್ಟು ಬಿರಿದು ಒಳಗಿನ ಹತ್ತಿ ಕಾಣಿಸಿತು, ಕಪ್ಪಾಯಿತು. ಜನ ಶಿಳ್ಳೆ ಹೊಡೆದರು. ಅವ್ವನನ್ನು ನಾವು ಮಣ್ಣು ಮಾಡಿದವರು. ಅವಳ ಮೈ ಒತ್ತಿದ ಹತ್ತಿ ಉರಿಯುವುದನ್ನು ಮಗಳಾಗಿ ಕೂತು ನೋಡಿದೆ.

ಹೊರಗೆ ಬಂದವಳೇ ನಿರ್ದೇಶಕನನ್ನು ಹಿಡಿದುಕೊಂಡೆ. "ಹತ್ತಿ ಎಲ್ಲಪ್ಪಾ?"

"ಯಾವ ಹತ್ತಿ ಅಕ್ಕಾ? ಸುಟ್ವಲ್ಲ, ಈಗ ನೋಡಿದ್ರಲ್ಲ! ನಿಜವಾದ ಬೆಂಕಿ, ಗ್ರಾಫಿಕ್ಸ್ ಅಲ್ಲ."

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಜನ ಗುಂಪುಗೂಡಿದರು. ಅವನು ನನ್ನನ್ನು ಬಿಟ್ಟು ಅಪ್ಪನ ಕೈ ಹಿಡಿದುಕೊಂಡ. "ಸಾಬ್ರೆ, ಜನ ಹೆಂಗೆ ನಕ್ರು ನೋಡಿದ್ರಾ? ಸೂಪರ್ ಹಿಟ್!"

"ನಗಾಕೇನು ಮಾಡಿದ್ದು?" ಎಂದು ಅಪ್ಪ ಕೇಳಿದ. ನಾವು ಬಸ್ ಸ್ಟ್ಯಾಂಡಿಗೆ ನಡೆದೆವು.

ಮುಂದಿನ ಸಲ ಹೊನ್ನಾಳಿಗೆ ಹೋದಾಗ ಸಿನಿಮಾ ಎಲ್ಲರ ಮೊಬೈಲಿಗೂ ಬಂದಿತ್ತು. ಊಟವಾದ ಮೇಲೆ ಅಪ್ಪ ತನ್ನ ಫೋನನ್ನು ನನ್ನ ಕಡೆ ಚಾಚಿದ.

"ಅದು ನಡೆಯೋದು ಬರ್ತೈತಲ್ಲ, ಅಷ್ಟು ಮಾತ್ರ ಹಾಕು. ಸುಡೋದು ಬ್ಯಾಡ."

"ನಿನಗೆ ನಾಚಿಕೆ ಆಗಲ್ವಾ? ಅದನ್ನ ನೋಡಿ ಊರೆಲ್ಲ ನಕ್ಕೈತೆ."

"ನಗಲಿ ಬಿಡವ್ವ. ಆ ಗಾದಿ ಮೂರು ವರ್ಷ ಎದ್ದಿರ್ಲಿಲ್ಲ."

ಹಾಕಿ ಕೊಟ್ಟು ಹಿತ್ತಲಿಗೆ ಹೋದೆ. ಆ ದರಿದ್ರ ಸಿನಿಮಾದ ಮುಂದೆ ಕೂತು ಅಳುವುದು ನನಗೆ ಬೇಕಿರಲಿಲ್ಲ.